ಮಗಳಿಗೊಂದು ಪತ್ರ: ನೂರು ಗಂಟೆಯ ನಂತರದ ಗ್ರಾಫ್ ಕಳಿಸು

ತೋರಣಗಲ್ಲು, ಬಳ್ಳಾರಿ ಜಿಲ್ಲೆ

ಚಿ. ಸುಜಾತಾಳಿಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಹೈಡ್ರೋಜನ್ನನ್ನೂ ಆಮ್ಲಜನಕವನ್ನೂ ಸೇರಿಸಿ ವಿದ್ಯುತ್ ಕೊಡುವ ಇಂಧನ ಕೋಶವನ್ನು ಪ್ಲಾಟಿನಂ ಇಲ್ಲದೆ ಮಾಡುವ ನಿನ್ನ ಕೆಲಸವನ್ನು ಅವ್ವನಿಗೆ ವಿವರಿಸಿದೆ. "ಪ್ಲಾಟಿನಂ ಉಂಗುರವನ್ನೇ ಕಾಣದ ಮನೆ ನಮ್ಮದು. ಅದು ಬೇಡ ಎನ್ನುವುದಕ್ಕೆ ಇವಳು ಇಷ್ಟು ವರ್ಷ ಓದಬೇಕಾಯಿತೇ?" ಎಂದು ನಕ್ಕಳು.

ನನಗೆ ಕುತೂಹಲ ನಿನ್ನ ಪ್ಲಾಸ್ಮಾದ ಮೇಲೆ, ಅಂದರೆ ಎಲೆಕ್ಟ್ರಾನು ಕಳಚಿಕೊಂಡ ಅನಿಲದ ಮೇಲೆ. ನನ್ನ ಪ್ಲಾಸ್ಮಾ ಕಟ್ಟರ್ ನೀನು ನೋಡಿದ್ದೀಯ. 20,000 ಡಿಗ್ರಿ ಆಸುಪಾಸಿನ ಧಾರೆ ಬೆರಳುದಪ್ಪದ ಉಕ್ಕನ್ನು ಸೀಳಿ, ಅಡಿಯಂಚಿನಲ್ಲಿ ಕಿಟ್ಟ ಬಿಟ್ಟು ಹೋಗುತ್ತದೆ. ನಿನ್ನದು ತಣ್ಣನೆಯದು. ಗಾಳಿ ಹೀರಿ ತೆಗೆದ ಪಾತ್ರೆಯಲ್ಲಿ ಎಲೆಕ್ಟ್ರಾನುಗಳಿಗಷ್ಟೇ ಕಾವು, ಅನಿಲ ಅಷ್ಟಾಗಿ ಕಾಯುವುದಿಲ್ಲ. ಹಾಗಾಗಿ ಕೋಬಾಲ್ಟ್ ಸಂಯುಕ್ತದ ಆವಿ ಒಡೆದು, ಇಂಗಾಲದ ಕಾಗದವನ್ನು ಸುಡದೆಯೇ ಅದರ ಎಳೆಎಳೆಯ ಮೇಲೆ ನ್ಯಾನೋಮೀಟರ್ ಲೆಕ್ಕದ ಪದರವಾಗಿ ಕೂರುತ್ತದೆ. ಪ್ಲಾಟಿನಂ ಬದಲು ಕೆಲಸ ಮಾಡಬೇಕಾದದ್ದು ಆ ಪದರವೇ. ಇದನ್ನು ಕಣ್ಣಾರೆ ನೋಡುವ ಆಸೆಯಿದೆ.

ತೊಡಕೆಲ್ಲ ಆಮ್ಲಜನಕದ ಕಡೆ ಎಂದೆಯಲ್ಲ, ಅದು ಅರ್ಥವಾಯಿತು. ಹೈಡ್ರೋಜನ್ ಬೇಗ ಬಿಚ್ಚಿಕೊಳ್ಳುತ್ತದೆ. ಆಮ್ಲಜನಕದ ಜೋಡಿಯನ್ನು ಬಿಡಿಸಿ, ನಾಲ್ಕು ಎಲೆಕ್ಟ್ರಾನು ಕೊಟ್ಟು ನೀರಾಗಿಸುವುದು ನಿಧಾನ. ಅದನ್ನು ಚುರುಕುಗೊಳಿಸಲು ದಕ್ಷಿಣ ಆಫ್ರಿಕಾದಿಂದ ಬರುವ ದುಬಾರಿ ಪ್ಲಾಟಿನಂ ಹೆಚ್ಚು ಬೇಕಾಗುವುದೂ ಅಲ್ಲಿಯೇ. ಕೋಬಾಲ್ಟ್ ಥಾಲೋಸಯನೈನ್ ಎಂಬ ಸಂಯುಕ್ತ ಈ ಕೆಲಸ ಮಾಡಬಲ್ಲದೆಂದು 1964ರಲ್ಲೇ ಗೊತ್ತಾಗಿತ್ತು. ಆದರೂ ಹೈಡ್ರೋಜನ್ ಕಾರುಗಳಲ್ಲಿ ಇವತ್ತಿಗೂ ಪ್ಲಾಟಿನಮ್ಮೇ ಇದೆ. ಬಾಳಿಕೆಯಲ್ಲಿ ಉಳಿದವು ಸೋಲುತ್ತವೆ. ಎರಡೇ ಎಲೆಕ್ಟ್ರಾನಿಗೆ ಕೆಲಸ ನಿಂತರೆ ನೀರಿನ ಬದಲು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಪದರ ಕಬ್ಬಿಣದ್ದಾಗಿದ್ದು, ಕೋಶದೊಳಗಿನ ಆಮ್ಲದಲ್ಲಿ ಕರಗಿ ಅದಕ್ಕೆ ಜೊತೆಯಾದರೆ, ಎರಡೂ ಕಡೆಯನ್ನು ಬೇರ್ಪಡಿಸುವ ನಡುವಿನ ಪೊರೆಯನ್ನೇ ತಿನ್ನುತ್ತದೆ.

ಮುಂದೆ ಕಬ್ಬಿಣದಲ್ಲೂ ಪ್ರಯತ್ನಿಸುತ್ತೇನೆ ಎಂದಿದ್ದೀಯ. ಸಂಡೂರು ಗುಡ್ಡಗಳ ಕೆಂಪು ಧೂಳು ಒಣಹಾಕಿದ ಬಟ್ಟೆಗೂ ಅಂಟುವ ಊರಿನಲ್ಲಿ, ಕಬ್ಬಿಣ ಅಗ್ಗವೆಂದು ಯಾರೂ ಹೇಳಿಕೊಡಬೇಕಿಲ್ಲ. ಆದರೆ ತಿಂಗಳಿಗೊಮ್ಮೆ ಕೋಶ ಬದಲಿಸಬೇಕೆಂದರೆ ಅಗ್ಗದ ಲೋಹವೇ ದುಬಾರಿ. ಕೋಶ ಕೊಡುವ ವಿದ್ಯುತ್ತಿನದೆಂದು ನೀನು ಕಳಿಸಿದ ಮೊದಲ ದಿನದ ಗ್ರಾಫ್ ಚೆನ್ನಾಗಿದೆ, ಅಷ್ಟರಿಂದ ನಾನು ಒಪ್ಪುವವನಲ್ಲ. ನೂರು ಗಂಟೆ ಓಡಿದ ಮೇಲಿನದನ್ನೂ ಕಳಿಸು, ಗೆರೆ ಎಷ್ಟೇ ಕೆಳಗಿಳಿದಿರಲಿ.

ದಸರೆಗೆ ಬರುವಾಗ, ನಿಮ್ಮ ಗೈಡ್ ಒಪ್ಪಿದರೆ, ಪದರ ಕಿತ್ತುಹೋದ ಕಾಗದದ ಚೂರೊಂದನ್ನು ತಾ. ನಮ್ಮ ವರ್ಕ್‌ಶಾಪಿನಲ್ಲಿ ಬಣ್ಣ ಏಳುವುದು ಹೆಚ್ಚಾಗಿ ಅಂಚಿನಿಂದ. ನಿನ್ನ ಪದರ ಎಲ್ಲಿಂದ ಎದ್ದಿದೆಯೋ ಭೂತಗನ್ನಡಿ ಹಿಡಿದು ನೋಡೋಣ.

ನಿನ್ನ ಅಪ್ಪ