ಸಂಸದರಿಗೆ ಕೊಡುವ ಮನವಿ ಸದನದ ಬಾಗಿಲು ದಾಟಬೇಕಾದರೆ

ಮಾನ್ಯ ಸಂಪಾದಕರೇ,

ಸಂಸತ್ ಅಧಿವೇಶನ ಹತ್ತಿರ ಬಂತೆಂದರೆ ಪತ್ರಿಕೆಗಳ ಹುಬ್ಬಳ್ಳಿ–ಧಾರವಾಡ, ಗದಗ, ಹಾವೇರಿ ಪುಟಗಳಲ್ಲಿ ಒಂದೇ ನಮೂನೆಯ ಫೋಟೋ ಕಾಣುತ್ತದೆ: ನಡುವೆ ಸಂಸದರು, ಸುತ್ತ ಸಂಘದ ಪದಾಧಿಕಾರಿಗಳು, ಎಲ್ಲರ ಕೈಯೂ ಒಂದೇ ಮನವಿ ಪತ್ರದ ಮೇಲೆ. ಪತ್ರದೊಳಗೆ ವಾರ್ಡಿನ ಗಟಾರದಿಂದ ಹಿಡಿದು ರೈಲು ಮಾರ್ಗದವರೆಗೆ ಹತ್ತು ಹನ್ನೆರಡು ಬೇಡಿಕೆ. ಕೆಲಸವಾಗದಿದ್ದಾಗ ಸಂಸದರನ್ನು ಬೈಯುತ್ತೇವೆ. ಎಷ್ಟೋ ಸಲ ಆ ಬೈಗುಳ ಸರಿಯೇ. ಆದರೆ ಹಾಗೆ ಬರೆದ ಮನವಿ ಎಂಥ ಚುರುಕಿನ ಸಂಸದರ ಕೈಗೆ ಸಿಕ್ಕರೂ ಸದನದೊಳಗೆ ಹೋಗಲಾರದು. ಸದನ ಮನವಿ ಪತ್ರ ಓದುವುದಿಲ್ಲ. ಅದಕ್ಕೆ ಗೊತ್ತಿರುವುದು ಪ್ರಶ್ನೆ, ಸೂಚನೆ, ಅರ್ಜಿ, ತಿದ್ದುಪಡಿ ಎಂಬ ಕೆಲವೇ ರೂಪಗಳು.

ಯಾರ ಬಳಿ ಹೋಗಬೇಕು ಎಂಬಲ್ಲಿಂದಲೇ ಗೊಂದಲ ಶುರು. ನಮ್ಮ ಮೂರು ಜಿಲ್ಲೆಗಳ 17 ವಿಧಾನಸಭಾ ಕ್ಷೇತ್ರಗಳು ಮೂರು ಲೋಕಸಭಾ ಕ್ಷೇತ್ರಗಳಲ್ಲಿ ಹಂಚಿಹೋಗಿವೆ, ಆದರೆ ಜಿಲ್ಲೆಯ ಗಡಿ ಹಿಡಿದು ಅಲ್ಲ. ಧಾರವಾಡ ಜಿಲ್ಲೆಯ ಏಳರ ಜೊತೆ ಹಾವೇರಿ ಜಿಲ್ಲೆಯ ಶಿಗ್ಗಾವಿ ಸೇರಿ ಧಾರವಾಡ ಲೋಕಸಭಾ ಕ್ಷೇತ್ರ. ಹಾವೇರಿ ಜಿಲ್ಲೆಯ ಉಳಿದ ಐದು ಮತ್ತು ಗದಗ, ರೋಣ, ಶಿರಹಟ್ಟಿ ಸೇರಿ ಹಾವೇರಿ ಕ್ಷೇತ್ರ. ನರಗುಂದ ಬಾಗಲಕೋಟೆಗೆ ಹೋಗಿದೆ. ಹೀಗಾಗಿ ನರಗುಂದದ ರೈತ ಹಾವೇರಿ ಸಂಸದರಿಗೆ ಕೊಟ್ಟ ಕಾಗದ ಮರ್ಯಾದೆಗೆ ಇಸಿದುಕೊಂಡ ಕಾಗದವಾಗಿಯೇ ಉಳಿಯುತ್ತದೆ.

ಇನ್ನೊಂದು ಮಾತು. ನಿಮ್ಮ ಸಂಸದರು ಕೇಂದ್ರದಲ್ಲಿ ಮಂತ್ರಿಯಾಗಿದ್ದರೆ ಅವರು ಸದನದಲ್ಲಿ ಪ್ರಶ್ನೆ ಕೇಳುವಂತಿಲ್ಲ, ಸಚಿವಾಲಯಗಳ ಕೆಲಸವನ್ನೂ ಮಸೂದೆಗಳನ್ನೂ ಪರಿಶೀಲಿಸುವ ಸಂಸದರ ಇಲಾಖಾ ಸ್ಥಾಯಿ ಸಮಿತಿಯಲ್ಲಿ ಕೂಡುವಂತಿಲ್ಲ. ಅವರಿಂದ ಬೇರೆ ಕೆಲಸ ಆಗಬಹುದು. ಪ್ರಶ್ನೆಗೆ ಮಾತ್ರ ಬೇರೆಯವರು ಬೇಕು. ಆಗ ನೆನಪಾಗಬೇಕಾದವರು ರಾಜ್ಯಸಭೆಯವರು. ಕರ್ನಾಟಕದಿಂದ ಅಲ್ಲಿ 12 ಸದಸ್ಯರಿದ್ದಾರೆ. ಅವರನ್ನು ಆರಿಸುವವರು ನಮ್ಮ ಶಾಸಕರು, ಈ 17 ಮಂದಿಯೂ ಸೇರಿದಂತೆ. ರಾಜ್ಯಸಭಾ ಸದಸ್ಯರಿಗೆ ಕ್ಷೇತ್ರದ ಗಡಿಯಿಲ್ಲ, ನಮ್ಮ ಭಾಗದ ಪ್ರಶ್ನೆಯನ್ನು ಯಾರು ಬೇಕಾದರೂ ಎತ್ತಬಹುದು. ಅವರ ಮನೆ ಬಾಗಿಲಲ್ಲಿ ಮನವಿಯ ಸಾಲು ಕಾಣುವುದು ಅಪರೂಪ, ಅದೇ ನಮ್ಮ ತಪ್ಪು.

ಆಮೇಲೆ ವಿಷಯದ ವಿಂಗಡಣೆ. ಬ್ಯಾಡಗಿ ಮೆಣಸಿನಕಾಯಿಯನ್ನೇ ತೆಗೆದುಕೊಳ್ಳಿ. ಮಾರುಕಟ್ಟೆ ಪ್ರಾಂಗಣ, ತೂಕ, ಟೆಂಡರ್ ಎಪಿಎಂಸಿಯವು, ಅಂದರೆ ರಾಜ್ಯದ ವಿಷಯ. ರಫ್ತು ಮತ್ತು ಗುಣಮಟ್ಟ ಸಾಂಬಾರ ಮಂಡಳಿಯ ಕೆಲಸ, ಅದು ವಾಣಿಜ್ಯ ಸಚಿವಾಲಯದ ಕೆಳಗಿದೆ. ದರ ಕುಸಿದಾಗ ಮಧ್ಯಪ್ರವೇಶದ ಯೋಜನೆ ಕೃಷಿ ಸಚಿವಾಲಯದ್ದು. ಮೂರನ್ನೂ ಒಂದೇ ಹಾಳೆಯಲ್ಲಿ ಬರೆದರೆ ಮೂವರೂ ‘ಇದು ನಮಗೆ ಸಂಬಂಧಿಸಿದ್ದಲ್ಲ’ ಎಂದು ಕೈತೊಳೆದುಕೊಳ್ಳುತ್ತಾರೆ. ವಾರ್ಡಿನ ಗಟಾರ, ಕುಡಿಯುವ ನೀರಿನ ಸರದಿ ಇವು ಹುಬ್ಬಳ್ಳಿ–ಧಾರವಾಡ ಮಹಾನಗರ ಪಾಲಿಕೆಯ 82 ಸದಸ್ಯರ ತಲೆನೋವು. ಲೋಕಸಭೆ ಅವನ್ನು ಮುಟ್ಟುವುದಿಲ್ಲ. ಸಂಸದರ ನಿಧಿ ಇದೆಯಲ್ಲ ಎನ್ನುವವರು ಲೆಕ್ಕ ಹಾಕಲಿ: ವರ್ಷಕ್ಕೆ 5 ಕೋಟಿ ರೂಪಾಯಿ, ಎಂಟು ವಿಧಾನಸಭಾ ಕ್ಷೇತ್ರಗಳಿಗೆ ಹಂಚಿದರೆ ತಲಾ 62.5 ಲಕ್ಷ. ಅದನ್ನೂ ಸಂಸದರು ಶಿಫಾರಸು ಮಾಡಬಹುದಷ್ಟೇ, ಮಂಜೂರು ಮಾಡುವುದು ಜಿಲ್ಲಾಡಳಿತ.

ಇನ್ನು ಪ್ರಶ್ನೆ. ಮತದಾರನ ಕೈಗೆ ಸುಲಭವಾಗಿ ಸಿಗುವ ಆಯುಧ ಇದೇ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ರಹಿತ ಪ್ರಶ್ನೆ. ಚುಕ್ಕೆ ಗುರುತಿನದಕ್ಕೆ ಸಚಿವರು ಎದ್ದು ನಿಂತು ಉತ್ತರಿಸಬೇಕು, ಉಪಪ್ರಶ್ನೆ ಕೇಳಲೂ ಬರುತ್ತದೆ. ಆದರೆ ಒಂದು ತಾಸಿನಲ್ಲಿ ಐದಾರು ಮುಗಿದರೆ ಹೆಚ್ಚು, ಉಳಿದವು ಲಿಖಿತ ಉತ್ತರವಾಗಿ ಹೋಗುತ್ತವೆ. ನಮ್ಮ ಕೆಲಸಕ್ಕೆ ಲಿಖಿತ ಉತ್ತರವಷ್ಟೇ ಬರುವ ಚುಕ್ಕೆ ರಹಿತವೇ ಸಾಕು. ಅಂಕಿಸಂಖ್ಯೆ ಬೇಕಾದರೆ ಅದೇ ವಾಸಿ. ಪೂರ್ಣ 15 ದಿನ ಮುಂಚೆ ನೋಟಿಸ್ ಕೊಡಬೇಕು. ಒಬ್ಬ ಸದಸ್ಯರು ಒಂದು ದಿನಕ್ಕೆ ಕೊಡಬಹುದಾದದ್ದು ಐದೇ ನೋಟಿಸ್. ಯಾರದು ಮೊದಲು ಎಂಬುದು ಲಾಟರಿಯಲ್ಲಿ ತೀರ್ಮಾನವಾಗುತ್ತದೆ. ಪ್ರತಿ ಸಚಿವಾಲಯಕ್ಕೆ ವಾರದಲ್ಲಿ ಒಂದು ದಿನ ಗೊತ್ತುಮಾಡಿರುತ್ತಾರೆ. ಆದ್ದರಿಂದ ಅಧಿವೇಶನ ಶುರುವಾದ ಮೇಲೆ ಕೊಟ್ಟ ಮನವಿ ಅರ್ಧ ಸತ್ತಂತೆಯೇ; ವೇಳಾಪಟ್ಟಿ ಹೊರಬಿದ್ದ ಕೂಡಲೇ ಕೈಗೆ ಕೊಡಬೇಕು.

ಪ್ರಶ್ನೆ 150 ಪದ ಮೀರಬಾರದು. ಒಂದೇ ವಿಷಯ ಇರಬೇಕು. ವಾದ, ವ್ಯಂಗ್ಯ, ಆರೋಪ, ಊಹೆ ಇದ್ದರೆ, ಅಭಿಪ್ರಾಯ ಕೇಳಿದ್ದರೆ, ನ್ಯಾಯಾಲಯದ ಮುಂದಿರುವ ಅಂಶ ನುಸುಳಿದ್ದರೆ ಸಚಿವಾಲಯದ ಮೆಟ್ಟಿಲು ಹತ್ತುವ ಮೊದಲೇ ತಿರಸ್ಕೃತ. ಎಲ್ಲರಿಗೂ ಸಿಗುವ ದಾಖಲೆಯಲ್ಲಿರುವ ಮಾಹಿತಿಯನ್ನೂ ಕೇಳುವಂತಿಲ್ಲ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗದ ಬಗ್ಗೆ ‘ಯಾವಾಗ ಆಗುತ್ತದೆ?’ ಎಂದು ಕೇಳಿದರೆ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಗ್ಯಾರಂಟಿ. ‘ಈ ವರ್ಷ ಎಷ್ಟು ಹಣ ಇಟ್ಟಿದ್ದೀರಿ?’ ಎಂದರೆ ಅದು ರೈಲ್ವೆಯ ಯೋಜನಾವಾರು ಹಣ ಹಂಚಿಕೆಯ ಪುಸ್ತಕವಾದ ಪಿಂಕ್ ಬುಕ್‌ನಲ್ಲೇ ಇರುತ್ತದೆ. ಹೀಗೆ ಕೇಳಿ: ಕಳೆದ ಐದು ವರ್ಷಗಳಲ್ಲಿ ವರ್ಷವಾರು ಖರ್ಚಾದದ್ದೆಷ್ಟು, ಬಾಕಿ ಇರುವ ಅನುಮತಿಗಳು ಯಾವುವು, ಯಾವ ಪ್ರಾಧಿಕಾರದ ಮುಂದೆ ಯಾವ ತಾರೀಖಿನಿಂದ ಇವೆ, ಆ ಪ್ರಾಧಿಕಾರ ಕೇಳಿದ ಸ್ಪಷ್ಟೀಕರಣಕ್ಕೆ ಉತ್ತರ ಹೋಗಿದೆಯೇ. ಇದಕ್ಕೆ ನುಣುಚಿಕೊಳ್ಳುವ ಉತ್ತರ ಬರೆಯುವುದು ಕಷ್ಟ.

ಮಹದಾಯಿ ನದಿ ನೀರಿನ ವಿವಾದದ್ದೂ ಇದೇ ಕಥೆ. ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು. 2020ರ ಫೆಬ್ರವರಿಯಲ್ಲಿ ಐತೀರ್ಪು ಕೇಂದ್ರದ ರಾಜ್ಯಪತ್ರದಲ್ಲಿ ಬಂತು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಜಲ ಆಯೋಗ ಪರಿಷ್ಕೃತ ಯೋಜನಾ ವರದಿಗೆ ಒಪ್ಪಿಗೆ ಕೊಟ್ಟಿತು. ‘ನಮಗೆ ಅನ್ಯಾಯವಾಗಿದೆ’ ಎಂಬ ವಾಕ್ಯ ಪ್ರಶ್ನೆಯಾಗುವುದಿಲ್ಲ. ಅರಣ್ಯ ಮತ್ತು ವನ್ಯಜೀವಿ ಅನುಮತಿಯ ಅರ್ಜಿ ಯಾವ ಸಭೆಯ ಮುಂದೆ ಬಂತು, ಅಲ್ಲಿ ಏನು ದಾಖಲಾಯಿತು ಎಂಬುದು ಆಗುತ್ತದೆ.

ಉತ್ತರ ಬಂದ ಮೇಲೆ ಹೆಚ್ಚಿನವರು ಕೈಬಿಡುತ್ತಾರೆ. ಅಸಲು ಕೆಲಸ ಅಲ್ಲಿಂದ ಶುರು. ‘ಪರಿಶೀಲನೆಯಲ್ಲಿದೆ’, ‘ಮಾಹಿತಿ ಸಂಗ್ರಹಿಸಿ ಸದನದಲ್ಲಿ ಮಂಡಿಸಲಾಗುವುದು’ ಇಂಥ ಮಾತುಗಳನ್ನು ಸಂಸತ್ತು ‘ಭರವಸೆ’ ಎಂದು ಲೆಕ್ಕಕ್ಕೆ ಹಿಡಿಯುತ್ತದೆ. ಮೂರು ತಿಂಗಳೊಳಗೆ ಈಡೇರಿಸಬೇಕು, ಇಲ್ಲದಿದ್ದರೆ ಹೆಚ್ಚುವರಿ ಕಾಲ ಕೇಳಬೇಕು. ಇದನ್ನು ಬೆನ್ನುಹತ್ತಲೆಂದೇ ಎರಡೂ ಸದನಗಳಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಇದೆ. ಉತ್ತರದ ಸಂಖ್ಯೆ, ತಾರೀಖು ಬರೆದಿಟ್ಟುಕೊಂಡು ನಾಲ್ಕನೇ ತಿಂಗಳು ಸಂಸದರ ಕಚೇರಿಗೆ ನೆನಪಿಸುವುದು ಖರ್ಚಿಲ್ಲದ ಕೆಲಸ.

ತುರ್ತು ವಿಷಯ ಎತ್ತಲು ಬಿಟ್ಟ ಶೂನ್ಯವೇಳೆಯ ಭಾಷಣ ಟಿವಿಯಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ಸಚಿವರು ಅಲ್ಲಿಯೇ ಉತ್ತರಿಸಲೇಬೇಕೆಂದಿಲ್ಲ. ಲೋಕಸಭೆಯ ನಿಯಮಾವಳಿಯ 377ನೇ ನಿಯಮದಡಿ 250 ಪದದೊಳಗಿನ ಹೇಳಿಕೆ ಕೊಟ್ಟರೆ ಅದು ಸಂಬಂಧಪಟ್ಟ ಇಲಾಖೆಗೆ ಹೋಗುತ್ತದೆ. ಮೌಲಿಕವಾದದ್ದು ಅದು.

ಸಂಸದರು ಪ್ರಶ್ನೆಗೆ ಒಪ್ಪದಿದ್ದರೆ ಅರ್ಜಿಯ ದಾರಿ ಇದೆ. ‘ಲೋಕಸಭೆಗೆ’ ಎಂದು ವಿಳಾಸ ಬರೆದು, ನಿಯಮಾವಳಿಯ ನಮೂನೆಯಲ್ಲೇ ಸಿದ್ಧಪಡಿಸಿ, ಮಂಡಿಸುವ ಸದಸ್ಯರ ಮೇಲುರುಜು ಹಾಕಿಸಬೇಕು. ಕನ್ನಡದಲ್ಲಿ ಬರೆಯಬಹುದು, ಆದರೆ ಹಿಂದಿ ಅಥವಾ ಇಂಗ್ಲಿಷ್ ಅನುವಾದ ಜೊತೆಗಿರಬೇಕು, ಅದಕ್ಕೂ ಅರ್ಜಿದಾರರ ಸಹಿ ಬೇಕು. ಹೆಚ್ಚಿನ ಅರ್ಜಿಗಳು ಎಡವುವುದು ಇಲ್ಲಿ: ಪತ್ರಿಕಾ ತುಣುಕು, ಅಫಿಡವಿಟ್ ಎಲ್ಲ ಪಿನ್ ಹೊಡೆದು ದಪ್ಪ ಮಾಡುತ್ತಾರೆ. ಲಗತ್ತು ನಿಷಿದ್ಧ. ರಾಜ್ಯ ವಿಧಾನಮಂಡಲದಲ್ಲಿ ಎತ್ತಬೇಕಾದ ವಿಷಯವೂ, ಕಾನೂನಿನಲ್ಲಿ ಬೇರೆ ಪರಿಹಾರ ಇರುವ ವಿಷಯವೂ ಸ್ವೀಕಾರವಾಗುವುದಿಲ್ಲ.

ಕಾಯ್ದೆಯ ವಿಚಾರದಲ್ಲಿ ನಮ್ಮವರು ಎಚ್ಚರಗೊಳ್ಳುವುದು ರಾಷ್ಟ್ರಪತಿಗಳ ಅಂಕಿತ ಬಿದ್ದ ಮೇಲೆ. ಆಗ ಉಳಿದಿರುವುದು ಧರಣಿ ಮಾತ್ರ. 2014ರ ಜನವರಿಯಲ್ಲಿ ಕೇಂದ್ರ ಒಪ್ಪಿಕೊಂಡ ನೀತಿಯಂತೆ ಮಸೂದೆಯ ಕರಡು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿರಬೇಕು. ಇದು ನೀತಿ, ಕಾನೂನಲ್ಲ. ಪಾಲನೆಯಾಗದ ಪ್ರಸಂಗಗಳೂ ಉಂಟು. ಮಂಡನೆಯಾದ ಮೇಲೆ ಮಸೂದೆ ಸ್ಥಾಯಿ ಸಮಿತಿಗೆ ಹೋದರೆ ನಮಗೆ ಮತ್ತೊಂದು ಬಾಗಿಲು ತೆರೆದಂತೆ. ಇಂಥ 24 ಸಮಿತಿಗಳಿವೆ. ಪ್ರತಿಯೊಂದರಲ್ಲೂ ಲೋಕಸಭೆಯ 21, ರಾಜ್ಯಸಭೆಯ 10, ಒಟ್ಟು 31 ಸದಸ್ಯರು. ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟು ಅಭಿಪ್ರಾಯ ಕರೆಯುತ್ತಾರೆ, ಗಡುವು ಬಹಳ ಸಲ ಎರಡು ವಾರವಷ್ಟೇ. ಬೇಸರದ ಸಂಗತಿಯೆಂದರೆ 15ನೇ ಲೋಕಸಭೆಯಲ್ಲಿ (2009–14) ಸುಮಾರು ಶೇ 71ರಷ್ಟು ಮಸೂದೆಗಳು ಸಮಿತಿಗೆ ಹೋಗಿದ್ದವು, 17ನೆಯದರಲ್ಲಿ (2019–24) ಅದು ಸುಮಾರು ಶೇ 16ಕ್ಕೆ ಇಳಿಯಿತು. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಕೇಳಬೇಕಾದ ಪ್ರಶ್ನೆ ಇದು.

ಸಮಿತಿಗೆ ಬರೆಯುವಾಗ ‘ಈ ಮಸೂದೆ ರೈತವಿರೋಧಿ’ ಎಂದರೆ ಯಾರೂ ಎರಡನೇ ಸಲ ಓದುವುದಿಲ್ಲ. ಖಂಡದ ಸಂಖ್ಯೆ, ಈಗಿರುವ ಪದ, ಇರಬೇಕಾದ ಪದ, ಕಾರಣ ಇಷ್ಟು ಬರೆದರೆ ಸದಸ್ಯರು ಅದನ್ನೇ ತಿದ್ದುಪಡಿಯಾಗಿ ಎತ್ತಿಕೊಳ್ಳಬಹುದು. ‘ಪರಿಹಾರ ಕೊಡಬಹುದು’ ಎಂಬುದು ‘ಕೊಡತಕ್ಕದ್ದು’ ಎಂದಾದರೆ ಸಾಕು, ಸಾವಿರಾರು ಜನರ ಹಣೆಬರಹ ಬದಲಾಗುತ್ತದೆ. ಕಾಯ್ದೆಯಾದ ಮೇಲೂ ಅದರ ಹಲ್ಲು ಇರುವುದು ನಿಯಮಗಳಲ್ಲಿ. ಕರಡು ನಿಯಮ ರಾಜ್ಯಪತ್ರದಲ್ಲಿ ಬಂದಾಗ ಆಕ್ಷೇಪಣೆ ಕಳಿಸುವ ಸಂಘಗಳು ನಮ್ಮಲ್ಲಿ ಬೆರಳೆಣಿಕೆಯಷ್ಟೂ ಇಲ್ಲ.

ಭಾಷೆಯ ಅಳುಕು ಬೇಡ. 1967ರಲ್ಲಿ ಶಿವಮೊಗ್ಗದಿಂದ ಗೆದ್ದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿದರು. ಇಂದು ಕನ್ನಡಕ್ಕೆ ಭಾಷಾಂತರದ ಏರ್ಪಾಡೂ ಇದೆ.

ತಮ್ಮಲ್ಲಿ ಒಂದು ಕೋರಿಕೆ. ಅಧಿವೇಶನ ನಡೆಯುವಾಗ ವಾರಕ್ಕೊಮ್ಮೆ, ಧಾರವಾಡ, ಹಾವೇರಿ, ಬಾಗಲಕೋಟೆ ಕ್ಷೇತ್ರಗಳ ಸಂಸದರೂ ರಾಜ್ಯದ ರಾಜ್ಯಸಭಾ ಸದಸ್ಯರೂ ನಮ್ಮ ಭಾಗದ ಬಗ್ಗೆ ಏನು ಕೇಳಿದರು, ಸಚಿವರು ಏನು ಉತ್ತರಿಸಿದರು ಎಂಬುದನ್ನು ಅರ್ಧ ಕಾಲಂನಲ್ಲಿ ಪ್ರಕಟಿಸಿ. ಎಲ್ಲವೂ ಸಂಸತ್ತಿನ ಜಾಲತಾಣದಲ್ಲಿ ಸಿಗುತ್ತದೆ. ಮನವಿ ಕೊಡುವ ಫೋಟೋಗೆ ಕೊಡುವ ಜಾಗದಲ್ಲೇ ಇದು ಹಿಡಿಸುತ್ತದೆ.

ಇತಿ ತಮ್ಮ ಓದುಗರು,
ರಾಜ್ಯಶಾಸ್ತ್ರದ ನಿವೃತ್ತ ಅಧ್ಯಾಪಕರು
ಸಪ್ತಾಪುರ, ಧಾರವಾಡ