ಮೇಷ್ಟ್ರ ಜೊತೆಗಿದ್ದವರಿಗೆ

ಮೇಷ್ಟ್ರ ಕಾರ್ಯಗಳೆಲ್ಲ ಮುಗಿದವು. ಬಂದ ನೆಂಟರು ಒಬ್ಬೊಬ್ಬರಾಗಿ ಹೊರಟರು. ಫೋನ್ ಮಾಡಿದವರ ಜೊತೆ ನೆಟ್ಟಗೆ ಮಾತಾಡಲು ಆಗಲಿಲ್ಲ, ಎಷ್ಟೋ ಮೆಸೇಜುಗಳನ್ನು ಇನ್ನೂ ತೆರೆದಿಲ್ಲ. ಅದಕ್ಕೇ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ. ಕಾಯಿಲೆ ಏನು, ಡಾಕ್ಟರು ಏನಂದರು ಅನ್ನೋದು ನಿಮಗೆ ಗೊತ್ತೇ ಇದೆ. ಅದನ್ನು ಬಿಟ್ಟುಬಿಡುತ್ತೇನೆ.

ಮೇಷ್ಟ್ರು ನಮಗೆ ನೆಂಟರಲ್ಲ. ಹಾಸನದಲ್ಲಿ ಅಪ್ಪನೂ ಅವರೂ ಒಂದೇ ಹೈಸ್ಕೂಲಿನಲ್ಲಿ ಪಾಠ ಮಾಡಿದವರು, ಒಂದೇ ವಠಾರದಲ್ಲಿ ಬಾಡಿಗೆಗಿದ್ದವರು. ನನಗೆ ಭಿನ್ನರಾಶಿ ಹೇಳಿಕೊಟ್ಟವರು ಅವರು, ಹೆಣ್ಣು ನೋಡಲು ನನ್ನ ಜೊತೆ ಬಂದವರೂ ಅವರೇ. ಅವರ ಹೆಂಡತಿಯನ್ನು ನಾವು ಅತ್ತೆ ಅಂತಲೇ ಕರೆಯೋದು. ಈ ಜನವರಿಯಲ್ಲಿ ಎರಡೂ ಮನೆಯವರು ಕಾಶಿ ಟೂರಿಗೆ ಹೋಗಿದ್ದೆವು.

ಮೇಷ್ಟ್ರಿಗೆ ದೇವಸ್ಥಾನಕ್ಕಿಂತ ಮಾನ್ ಮಂದಿರ ಘಾಟಿನ ವೀಕ್ಷಣಾಲಯದ ಮೇಲೆ ಕಣ್ಣು. 18ನೇ ಶತಮಾನದಲ್ಲಿ ಜೈಪುರದ ಸವಾಯಿ ಜೈಸಿಂಗ್ ಮಾಡಿಸಿದ್ದು. ದಶಾಶ್ವಮೇಧ ಘಾಟಿನ ಪಕ್ಕದಲ್ಲೇ ಇದೆ, ಆದರೆ ನಮ್ಮ ಬಸ್ಸಿನವರು ಯಾರೂ ಆ ಕಡೆ ತಿರುಗಲಿಲ್ಲ. ತಾರಸಿಯ ಮೇಲೆ ಸಮ್ರಾಟ್ ಯಂತ್ರದ, ಅಂದರೆ ನೆರಳಿನಿಂದ ಹೊತ್ತು ತೋರಿಸುವ ದೊಡ್ಡ ಬಿಸಿಲು ಗಡಿಯಾರದ ಮುಂದೆ ನಿಂತು, ಮಂಜು ಕರಗಿ ನೆರಳು ಬೀಳಲಿ ಅಂತ ಮೇಷ್ಟ್ರು ಕಾದರು. ಬಿಸಿಲು ಬಂದ ತಕ್ಷಣ ಕೈಗಡಿಯಾರ ನೋಡಿದರು. “ನಮ್ಮ ದೇಶದ ಗಡಿಯಾರ ಎಲ್ಲಾ 82.5 ಡಿಗ್ರಿ ರೇಖಾಂಶದ ಲೆಕ್ಕ ಕಣೋ. ಅದು ಇಲ್ಲೇ ಮಿರ್ಜಾಪುರದ ಹತ್ತಿರ ಹಾದುಹೋಗುತ್ತೆ. ಕಾಶಿಗೆ ಬರೀ ಎರಡು ನಿಮಿಷದ ವ್ಯತ್ಯಾಸ. ನಮ್ಮ ಹಾಸನಕ್ಕಾದರೆ 25 ನಿಮಿಷ.” ಆಮೇಲೆ, ಜನವರಿಯಲ್ಲಿ ಇನ್ನೊಂದು ಲೆಕ್ಕವನ್ನೂ ಸೇರಿಸಬೇಕು ಅಂತ ಶುರು ಮಾಡಿದರು. ಅತ್ತೆ, “ಚಳಿ ರೀ, ನಡೀರಿ” ಅಂದರು. ಆ ಲೆಕ್ಕ ಅಲ್ಲಿಗೇ ನಿಂತಿತು.

ಈಗ ಅಡುಗೆ ಭಟ್ಟರ ವಿಷಯ. ಇದನ್ನು ಬರೆಯಲೆಂದೇ ಕೂತಿದ್ದು.

ನಮ್ಮ ಕಡೆಯ ಟೂರುಗಳಲ್ಲಿ ಅಡುಗೆಯವರೂ ಬಸ್ಸಿನಲ್ಲೇ ಬರುತ್ತಾರೆ, ಕಾಶಿಯಲ್ಲೂ ನಮಗೆ ಸಾರು ಅನ್ನವೇ ಆಗಬೇಕಲ್ಲ. ಭಟ್ಟರು ಕುಂದಾಪುರ ಕಡೆಯವರು. ಮೇಷ್ಟ್ರನ್ನು ಆಸ್ಪತ್ರೆಗೆ ಸೇರಿಸಿದ ರಾತ್ರಿ, ಪಾತ್ರೆ ತೊಳೆಸಿ ಎಲ್ಲ ಮುಗಿಸಿದ ಮೇಲೆ ಫ್ಲಾಸ್ಕಿನಲ್ಲಿ ಗಂಜಿ ಹಿಡಿದುಕೊಂಡು ಬಂದರು. ಕೊಟ್ಟು ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ. “ನೀವು ಅಮ್ಮನ ಹತ್ರ ಕೂತ್ಕೊಳ್ಳಿ ಮಾರಾಯ್ರೆ, ಓಡಾಟಕ್ಕೆ ನಾನಿದ್ದೇನಲ್ಲ” ಅಂದರು. ನನ್ನ ಹಿಂದಿ ಸಿನಿಮಾ ನೋಡಿ ಕಲಿತದ್ದು, ಅವರದು ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡಿ ಕಲಿತದ್ದು. ಕೌಂಟರಿಗೆ, ಬೀದಿಯಾಚೆಯ ಔಷಧಿ ಅಂಗಡಿಗೆ, ಮತ್ತೆ ಮೇಲಕ್ಕೆ, ರಾತ್ರಿಯಿಡೀ ಅವರೇ ಓಡಿದರು. ಒಳಗೆ ಬಿಟ್ಟಾಗಲೆಲ್ಲ ಮೇಷ್ಟ್ರ ಪಾದ ಉಜ್ಜುತ್ತಿದ್ದರು. ಅರಿಶಿನ ಹತ್ತಿದ ಬೆರಳುಗಳು, ಹೆಗಲ ಮೇಲಿನ ಟವೆಲಿನಲ್ಲಿ ಇಂಗಿನ ವಾಸನೆ.

ನಸುಕಿನಲ್ಲಿ ಅವರ ಫೋನ್ ಬಂತು. ತಿಂಡಿಗೆ ಏನು ಮಾಡೋದು ಅಂತ ಸಹಾಯಕ ಹುಡುಗ. “ರವೆ ಹುರಿದಿಟ್ಟಿದ್ದೇನೆ. ಒಂದಕ್ಕೆ ಎರಡೂವರೆ ನೀರು. ಉಪ್ಪು ಆಮೇಲೆ ಹಾಕಬೇಡ, ನೀರಿಗೇ ಹಾಕು.” ಅವರು ಅಷ್ಟು ಹೇಳುವಾಗಲೇ ಡಾಕ್ಟರು ಹೊರಗೆ ಬಂದರು. ಏನೋ ಹೇಳಿದರು. ನನಗೆ ಅರ್ಥವಾಗಲಿಲ್ಲ, ಅಥವಾ ಅರ್ಥವಾಗೋದು ಬೇಡವಾಗಿತ್ತು. ಭಟ್ಟರು ಫೋನ್ ಜೇಬಿಗೆ ಹಾಕಿದರು. ಅತ್ತೆಯ ಮುಂದೆ ನೆಲದ ಮೇಲೆ ಕೂತು, “ಅಮ್ಮಾ, ಮೇಷ್ಟ್ರು ಹೋದ್ರು” ಅಂದರು. ನಾವೆಲ್ಲ ಅವತ್ತು ಸಂಜೆಯಿಂದ “ಸ್ವಲ್ಪ ಸೀರಿಯಸ್ ಅಂತೆ” ಅಂತಲೇ ಸುತ್ತಿ ಬಳಸಿ ಮಾತಾಡುತ್ತಿದ್ದೆವು. ಅತ್ತೆ ಅವರ ಕೈ ಹಿಡಿದುಕೊಂಡು ಅತ್ತರು. ನಾನು ಕಾರಿಡಾರಿನ ತುದಿಗೆ ಹೋಗಿ ಗೋಡೆಗೆ ಹಣೆ ಒತ್ತಿಕೊಂಡು ನಿಂತೆ.

ಊರಿಗೆ ತರಬೇಕೆಂದೇ ಇತ್ತು. ಎಂಬಾಮಿಂಗ್, ಪೊಲೀಸರ ಎನ್‌ಒಸಿ, ಪೆಟ್ಟಿಗೆ, ಎಲ್ಲ ವಿಚಾರಿಸಿದೆವು. ಆದರೆ ಮಂಜಿಗೆ ಬಾಬತ್‌ಪುರದಿಂದ ವಿಮಾನಗಳೇ ಏಳುತ್ತಿರಲಿಲ್ಲ. ಅಮೆರಿಕದಿಂದ ಮಗಳು, “ಅಪ್ಪನನ್ನು ಕಾಯಿಸಬೇಡಿ” ಅಂದಳು. ಹರಿಶ್ಚಂದ್ರ ಘಾಟಿನಲ್ಲಿ ಮಾಡಿದೆವು. ಅಲ್ಲಿ ಬೆಂಕಿಕಡ್ಡಿ ಗೀರುವ ಹಾಗಿಲ್ಲ, ಸದಾ ಉರಿಯುವ ಬೆಂಕಿಯಿಂದ, ಚಿತೆಯ ಕೆಲಸ ನೋಡಿಕೊಳ್ಳುವ ಡೋಮರು ಕೊಟ್ಟದ್ದನ್ನೇ ತರಬೇಕು. ಕೊಳ್ಳಿ ಇಟ್ಟವರು ಅಪ್ಪ. ಭಟ್ಟರು ಅಲ್ಲಿಗೂ ಬಂದು, ಆ ಚಳಿಯಲ್ಲಿ ಗಂಗೆಯಲ್ಲಿ ಮುಳುಗಿ, ಹೋಗಿ ಬಸ್ಸಿನವರಿಗೆ ಮಧ್ಯಾಹ್ನದ ಅಡುಗೆ ಮಾಡಿದರು. ದುಡ್ಡು ಕೊಡಲು ಹೋದರೆ ಬೈದರು. ಭಟ್ಟರೇ, ನೀವು ಇದನ್ನು ಓದುವುದಿಲ್ಲ ಅಂತ ಗೊತ್ತು. ನಿಮ್ಮ ಮಗ ಓದಿ ಹೇಳಲಿ.

ಘಾಟಿನಲ್ಲಿ ಮಗಳಿಗೆ ಕಾಣುವ ಹಾಗೆ ಕೊನೆಯವರೆಗೂ ಫೋನ್ ಎತ್ತಿ ಹಿಡಿದ ಟೂರಿನ ಹುಡುಗ, ನಗರ ನಿಗಮದಲ್ಲಿ ಮರಣ ಪತ್ರಕ್ಕೆ ಅಲೆದ ಮ್ಯಾನೇಜರ್, ಮೇಷ್ಟ್ರ ಮನೆ ಬೀಗ ತೆಗೆದು ಒಪ್ಪ ಮಾಡಿಟ್ಟ ಪಕ್ಕದ ಮನೆಯವರು, ನನ್ನ ಕೆಲಸ ಹಂಚಿಕೊಂಡ ಆಫೀಸಿನವರು, ಎಲ್ಲರಿಗೂ ಕೈ ಮುಗಿಯುತ್ತೇನೆ.

ಇನ್ನೊಂದು ಮಾತು. ತುಂಬ ಜನ, “ಪುಣ್ಯವಂತರು, ಕಾಶಿಯಲ್ಲೇ ಹೋದರು” ಅಂತ ಬರೆದಿದ್ದೀರಿ. ಪ್ರೀತಿಯಿಂದ ಬರೆದದ್ದು, ಗೊತ್ತು. ಆದರೆ ಓದಿದಾಗಲೆಲ್ಲ ಸಿಟ್ಟು ಬರುತ್ತೆ. ಯಾರಿಗೆ ಬೇಕಿತ್ತು ಪುಣ್ಯ? ಅದಿಲ್ಲದೆ ಇನ್ನು ಹತ್ತು ವರ್ಷ ಹಾಸನದಲ್ಲಿ ಪೆನ್ಷನ್ ತಗೊಂಡು, ಪೇಪರಿನ ಸುಡೋಕು ಬಿಡಿಸಿಕೊಂಡು ಇದ್ದಿದ್ದರೆ ಸಾಕಿತ್ತು. ಅತ್ತೆಗೆ ಮಾತ್ರ ಆ ಮಾತಿನಿಂದಲೇ ಧೈರ್ಯ ಬರುತ್ತೆ. ಹಾಗಾಗಿ ಅವರಿಗೆ ಹೇಳಿ, ಬೇಡ ಅನ್ನಲ್ಲ. ನನಗೆ ಹೇಳಬೇಡಿ.

ಅತ್ತೆ ಸದ್ಯಕ್ಕೆ ನಮ್ಮ ಮನೆಯಲ್ಲೇ ಇದ್ದಾರೆ, ಬೇಸಿಗೆಯಲ್ಲಿ ಮಗಳು ಕರೆದುಕೊಂಡು ಹೋಗುತ್ತಾಳೆ. ಬರುವವರು ಸಂಜೆ ಬನ್ನಿ, ಮಧ್ಯಾಹ್ನ ಸ್ವಲ್ಪ ನಿದ್ದೆ ಮಾಡುತ್ತಾರೆ. ಕಾಶಿಯಲ್ಲಿ ಏನಾಯ್ತು ಅಂತ ಕೇಳಬೇಡಿ, ಹೇಳಿ ಹೇಳಿ ಸೋತಿದ್ದಾರೆ. ಮೇಷ್ಟ್ರು ನಿಮ್ಮನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರೆ ಆ ಕಥೆ ಹೇಳಿ. ಅದಕ್ಕೆ ನಗುತ್ತಾರೆ, ಕಾಫಿಯನ್ನೂ ತಾವೇ ಎದ್ದು ಮಾಡುತ್ತಾರೆ.