ಕಣಗಿಲೆ ಕಡಿಸುವುದಕ್ಕಿಂತ ಆಸ್ಪತ್ರೆ ಸಜ್ಜಾಗಲಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ನಾನು ತುಮಕೂರು ಜಿಲ್ಲೆಯ ಒಬ್ಬ ಶಾಲಾ ಶಿಕ್ಷಕಿ. ವಿಷವಿರುವ ಕಣಗಿಲೆ ಗಿಡದ ವಿಚಾರವಾಗಿ ಬರೆಯುತ್ತಿದ್ದೇನೆ. ಹೆದ್ದಾರಿಯ ಡಿವೈಡರ್‌ಗಳಲ್ಲಿ ಇದೇ ಗಿಡ. ಹೆಚ್ಚು ನೀರು ಬೇಡ, ದನ ಸುಲಭಕ್ಕೆ ಬಾಯಿ ಹಾಕುವುದಿಲ್ಲ. ದೇವಸ್ಥಾನಗಳ ಪಕ್ಕ ಹಳದಿ ಕಣಗಿಲೆಯೂ ಇರುತ್ತದೆ. ಅದು ಮೆಕ್ಸಿಕೋ ಕಡೆಯಿಂದ ಬಂದ ಬೇರೆ ಗಿಡ, ಆದರೆ ವಿಷದ ಬಗೆ ಒಂದೇ.

2024ರ ಮೇ ತಿಂಗಳಲ್ಲಿ ಕೇರಳದಲ್ಲಿ ದೇವಸ್ಥಾನಗಳನ್ನು ನೋಡಿಕೊಳ್ಳುವ ತಿರುವಾಂಕೂರು ಮತ್ತು ಮಲಬಾರ್ ದೇವಸ್ವಂ ಮಂಡಳಿಗಳು ನೈವೇದ್ಯ, ಪ್ರಸಾದದಲ್ಲಿ ಕಣಗಿಲೆ ಹೂ ಬೇಡ ಎಂದವು. ಆ ನಿರ್ಧಾರ ಸರಿಯಾದದ್ದೇ. ಆದರೆ ಇಂಥ ಸುದ್ದಿ ಬಂದಾಗ ಗಿಡವನ್ನೇ ಕಡಿಸಿ ಅನ್ನುವ ಮಾತೂ ಏಳುತ್ತದೆ. ಅದು ನನಗೆ ಒಪ್ಪಿಗೆಯಿಲ್ಲ. ಕಡಿದ ಕೊಂಬೆ ಒಣಗಿ ಮೇವಿಗೆ ಸೇರಿದರೆ ದನ ಸಾಯುತ್ತದೆ. ಸುಟ್ಟರೆ ಹೊಗೆಯೂ ಕೆಟ್ಟದ್ದು.

ಆಯುರ್ವೇದದಲ್ಲಿ ಕರವೀರ, ಅಂದರೆ ಕಣಗಿಲೆ, ಉಪವಿಷಗಳಲ್ಲೊಂದು (ಕಡಿಮೆ ತೀವ್ರತೆಯ ವಿಷಗಳ ಗುಂಪು). ಬೇರನ್ನು ಹಸುವಿನ ಹಾಲಿನಲ್ಲಿ ಶುದ್ಧಿ ಮಾಡಿ, ಹೆಚ್ಚಾಗಿ ಚರ್ಮಕ್ಕೆ ಹಚ್ಚುವ ಎಣ್ಣೆಗಳಲ್ಲಿ ಬಳಸುತ್ತಾರೆ. 1945ರ ಔಷಧ ನಿಯಮಗಳಲ್ಲಿ ವಿಷವಸ್ತುಗಳನ್ನು ಹೆಸರಿಸುವ ಇ(1) ಪಟ್ಟಿಯಲ್ಲೂ ಇದರ ಹೆಸರಿದೆ. ಅಂಥ ಔಷಧಿ ಹೊಟ್ಟೆಗೆ ಕೊಡುವಂಥದ್ದಾದರೆ, ವೈದ್ಯರ ನಿಗಾದಲ್ಲೇ ತೆಗೆದುಕೊಳ್ಳಬೇಕು ಎಂದು ಲೇಬಲ್ ಮೇಲೆ ಬರೆಯಲೇಬೇಕು. ಶಾಲೆಯ ಬೇಲಿಯಲ್ಲಿರುವ ಗಿಡಕ್ಕೆ ಯಾವ ಲೇಬಲ್ಲೂ ಇಲ್ಲ ಅಲ್ವಾ?

ಇದು ಹೊಟ್ಟೆಗೆ ಹೋದರೆ ಮೊದಲು ವಾಂತಿ, ಭೇದಿ. ಆಮೇಲೆ ಹೃದಯದ ಬಡಿತ ನಿಧಾನಗೊಂಡು ತಾಳ ತಪ್ಪುತ್ತದೆ. ಹೃದ್ರೋಗಕ್ಕೆ ಕೊಡುವ ಡಿಗಾಕ್ಸಿನ್ ಮಾತ್ರೆ ಜಾಸ್ತಿಯಾದರೂ ಆಗುವುದು ಹೀಗೇ. ಅದಕ್ಕೇ ಡಿಗಾಕ್ಸಿನ್‌ಗೆಂದು ಮಾಡಿದ ಪ್ರತಿವಿಷ ಇದಕ್ಕೂ ಕೆಲಸ ಮಾಡುತ್ತದೆ. ಶ್ರೀಲಂಕಾದಲ್ಲಿ 1980ರ ದಶಕದಿಂದ ಹಳದಿ ಕಣಗಿಲೆಯ ವಿಷವೇರಿದವರು ಆಸ್ಪತ್ರೆಗಳಿಗೆ ಹೆಚ್ಚುಹೆಚ್ಚಾಗಿ ಬರತೊಡಗಿದರು. ಅಲ್ಲಿ ಈ ಪ್ರತಿವಿಷ ಕೊಟ್ಟು ನೋಡಿದ ಫಲಿತಾಂಶ 2000ದಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ತಾಳ ತಪ್ಪಿದ ಎಷ್ಟೋ ಹೃದಯಗಳು ಮತ್ತೆ ಸರಿಯಾಗಿ ಬಡಿಯತೊಡಗಿದ್ದವು. ಔಷಧಿ ಇದೆ, ಆದರೆ ತುಂಬಾ ದುಬಾರಿ.

ಅದನ್ನು ಎಲ್ಲ ತಾಲ್ಲೂಕುಗಳಲ್ಲೂ ಇಡಿ ಎಂದು ನಾನು ಕೇಳುತ್ತಿಲ್ಲ. ಕಂದಾಯ ವಿಭಾಗಕ್ಕೊಂದು ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಾದರೂ ಇರಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿಯೂ ಇಸಿಜಿ ತೆಗೆಯುವವರಿರಲಿ. ಹೊಟ್ಟೆಯಲ್ಲಿನ ವಿಷ ಹೀರುವ ಇದ್ದಿಲ ಪುಡಿ (ಆಕ್ಟಿವೇಟೆಡ್ ಚಾರ್ಕೋಲ್), ನಿಧಾನವಾದ ಬಡಿತ ಏರಿಸುವ ಅಟ್ರೋಪಿನ್ ಸ್ಟಾಕ್ ಇರಲಿ. ತಾತ್ಕಾಲಿಕ ಪೇಸ್‌ಮೇಕರ್ ಎಲ್ಲಿ ಸಿಗುತ್ತದೆ ಎನ್ನುವುದು ಡ್ಯೂಟಿ ಡಾಕ್ಟರಿಗೆ ಮೊದಲೇ ತಿಳಿದಿರಲಿ. ವಾಂತಿ ನಿಂತಿತೆಂದು ಯಾರನ್ನೂ ಬೇಗ ಮನೆಗೆ ಕಳಿಸುವುದು ಬೇಡ. ಚೆನ್ನಾಗಿ ಕಂಡವರಿಗೂ ಎಷ್ಟೋ ಗಂಟೆಗಳ ಮೇಲೆ ಹೃದಯಕ್ಕೆ ತೊಂದರೆಯಾಗಬಹುದು.

ಶಿಕ್ಷಣ ಇಲಾಖೆಯ ಜೊತೆಗೂ ದಯವಿಟ್ಟು ಮಾತಾಡಿ. ಹಳದಿ ಕಣಗಿಲೆಯ ಕಾಯಿ ಸಿಕ್ಕರೆ ಮಕ್ಕಳು ಆಟಕ್ಕೆ ಎತ್ತಿಕೊಳ್ಳುತ್ತಾರೆ. ಶಾಲೆ, ಅಂಗನವಾಡಿಗಳ ಅಂಗಳದಿಂದ ಮಾತ್ರ ಈ ಗಿಡಗಳನ್ನು ಬೇರು ಸಮೇತ ತೆಗೆಸಿ. ಪಾರ್ಕುಗಳಲ್ಲಿ ಕನ್ನಡದ ಬೋರ್ಡ್ ಹಾಕಿಸಿ. ಮನೆಯಲ್ಲಿ ಒಣಗಿಸಿ ಕುದಿಸಿದ ಮಾತ್ರಕ್ಕೆ ವಿಷ ಹೋಗುವುದಿಲ್ಲ, ಈ ಎಲೆಯ ಕಷಾಯ ಕುಡಿಯಬೇಡಿ ಎಂದು ಆಶಾ ಕಾರ್ಯಕರ್ತೆಯರಿಂದ ಮನೆಮನೆಗೆ ಹೇಳಿಸಿ. ಮುಂದಿನ ಶಾಲಾ ವರ್ಷ ಶುರುವಾಗುವ ಮೊದಲೇ ಇಷ್ಟು ಆದೇಶಗಳು ಹೊರಡಲಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ,
ಒಬ್ಬ ಶಾಲಾ ಶಿಕ್ಷಕಿ, ತುಮಕೂರು ಜಿಲ್ಲೆ